ಏಪ್ರಿಲ್‌ನಲ್ಲಿ ನೋಡಿದ ಮನೆ ಜುಲೈನಲ್ಲಿ ಹೇಗಿರುತ್ತೆ?

ಪ್ರಶ್ನೆ: ನಾವು ಕಲಬುರಗಿಯವರು. ನನಗೆ ಶಿವಮೊಗ್ಗಕ್ಕೆ ವರ್ಗವಾಗಿದೆ, ಜೂನ್ ಮೊದಲ ವಾರ ಹಾಜರಾಗಬೇಕು. ಮನೆಯಲ್ಲಿ ನಾನು, ಹೆಂಡತಿ, ಐದನೇ ಕ್ಲಾಸಿನ ಮಗಳು, ಮಂಡಿನೋವಿರುವ ಅಮ್ಮ. ಏಪ್ರಿಲ್‌ನಲ್ಲಿ ಎರಡು ದಿನ ರಜೆ ಹಾಕಿ ಬಂದು ಮನೆ ಹುಡುಕಿದೆವು. ಎರಡು ಹಿಡಿಸಿದವು. ಒಂದು ವಿನೋಬನಗರದ ಹೊಸ ಅಪಾರ್ಟ್‌ಮೆಂಟಿನಲ್ಲಿ ಮೂರನೇ ಮಹಡಿ. ದೊಡ್ಡ ಗಾಜಿನ ಕಿಟಕಿಗಳು, ಸೋಲಾರ್ ಇದೆ, ಲಿಫ್ಟ್ ಇಲ್ಲ. ಬಾಡಿಗೆ 13 ಸಾವಿರ. ಇನ್ನೊಂದು ದುರ್ಗಿಗುಡಿ ಹತ್ತಿರ ಹಳೇ ಮನೆಯ ನೆಲಮಹಡಿ. ಅವರು ಬಾಡಿಗೆ ಬೇಡ, ಮೂರು ವರ್ಷಕ್ಕೆ 6 ಲಕ್ಷ ಕೊಟ್ಟು ಭೋಗ್ಯಕ್ಕೆ ಹಾಕಿಕೊಳ್ಳಿ ಅನ್ನುತ್ತಾರೆ. ಯಾವುದು ಒಳ್ಳೆಯದು? ಮನೆ ನೋಡುವಾಗ ಏನೇನು ಗಮನಿಸಬೇಕು?

ಉತ್ತರ: ನೀವು ಎರಡೂ ಮನೆ ನೋಡಿದ್ದು ಏಪ್ರಿಲ್‌ನಲ್ಲಿ. ಮೊದಲ ತೊಂದರೆ ಅದೇ. ಏಪ್ರಿಲ್‌ನಲ್ಲಿ ಶಿವಮೊಗ್ಗದ ಎಲ್ಲಾ ಮನೆಯೂ ಚೆಂದ. ಗೋಡೆ ಒಣಗಿರುತ್ತೆ, ಬಣ್ಣ ಹೊಸದಾಗಿರುತ್ತೆ, ಟೆರೇಸಿನ ಮೇಲೆ ಹಪ್ಪಳ ಒಣಗುತ್ತಿರುತ್ತೆ. ಜುಲೈನಲ್ಲಿ ಅದೇ ವಿಳಾಸಕ್ಕೆ ಬಂದು ನೋಡಿ, ಬೇರೆಯೇ ಮನೆ ಇರುತ್ತೆ. ನೀವು ಬಾಡಿಗೆ ಮಾತಾಡಬೇಕಾದ್ದು ಆ ಜುಲೈ ಮನೆಗೆ.

ನಾನು ಸಿವಿಲ್ ಎಂಜಿನಿಯರ್. ಹೊಸ ಮನೆ ಕಟ್ಟಿಸಿದ್ದಕ್ಕಿಂತ ಸೋರುವ ಮನೆ ರಿಪೇರಿ ಮಾಡಿಸಿದ್ದೇ ಜಾಸ್ತಿ. ಹಾಗಾಗಿ ಉತ್ತರದಲ್ಲಿ ನೀರಿನ ಮಾತೇ ಹೆಚ್ಚು ಬರುತ್ತೆ, ಸಹಿಸಿಕೊಳ್ಳಿ.

ಇಷ್ಟು ತಿಳಿದವನೂ ಒಮ್ಮೆ ಬೇಸ್ತು ಬಿದ್ದಿದ್ದೇನೆ. ಮದುವೆಯಾದ ಹೊಸತು, ಮೇ ತಿಂಗಳಲ್ಲಿ ಒಂದು ಮನೆ ಹಿಡಿದೆವು. ಹಾಲ್‌ನ ಒಂದು ಗೋಡೆಗೆ ಮಾತ್ರ ತಿಳಿಹಸಿರು ಬಣ್ಣ ಹೊಡೆದಿದ್ದರು. ಏನು ರುಚಿ ಇವರದ್ದು ಅಂತ ಮೆಚ್ಚಿಕೊಂಡು ಅದೇ ಗೋಡೆಗೆ ಪುಸ್ತಕದ ಬೀರು ಇಟ್ಟೆ. ಆಗಸ್ಟಿನಲ್ಲಿ ಏನೋ ಹುಡುಕಲು ಬಾಗಿಲು ತೆಗೆದರೆ ಒಳಗಿಂದ ಹಳೇ ಗೋಣಿಚೀಲದ ವಾಸನೆ. ಕೆಳಗಿನ ಎರಡು ಸಾಲಿನ ಪುಸ್ತಕಗಳು ಒಂದಕ್ಕೊಂದು ಅಂಟಿಕೊಂಡು ಇಟ್ಟಿಗೆಯಂತಾಗಿದ್ದವು. ಬೀರುವಿನ ಹಿಂಬದಿ ಪೂರ್ತಿ ಬೂಷ್ಟು. ಗೋಡೆಯ ಆಚೆ ಕಡೆ ಬಚ್ಚಲುಮನೆ ಇತ್ತು. ಅಲ್ಲಿನ ಪೈಪು ಎಷ್ಟೋ ವರ್ಷದಿಂದ ಒಸರುತ್ತಿತ್ತು. ಮಾಲೀಕರು ಪೈಪು ರಿಪೇರಿ ಮಾಡಿಸುವ ಬದಲು ಬಣ್ಣ ಬದಲಾಯಿಸಿದ್ದರು. ಅಂದಿನಿಂದ, ನಾಲ್ಕರಲ್ಲಿ ಒಂದೇ ಗೋಡೆಗೆ ಹೊಸ ಬಣ್ಣ ಇದ್ದರೆ ನಾನು ಆ ಗೋಡೆ ಹತ್ತಿರ ಹೋಗಿ ಅಂಗೈ ತಿರುಗಿಸಿ ಇಡುತ್ತೇನೆ. ತಂಪು, ತೇವ ಗೊತ್ತಾಗೋದು ಅಂಗೈಗಿಂತ ಕೈಯ ಹಿಂಬದಿಗೆ ಬೇಗ.

ತೇವ ಎಲ್ಲಿದೆ ಅನ್ನೋದು ಅದು ಎಲ್ಲಿಂದ ಬಂತು ಅನ್ನೋದನ್ನ ಹೇಳುತ್ತೆ. ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಬಣ್ಣ ಉಬ್ಬಿ, ಉಪ್ಪಿನಂಥ ಬಿಳಿ ಪುಡಿ ಉದುರುತ್ತಿದ್ದರೆ ಅದು ಭೂಮಿಯಿಂದ ಏರಿದ ತೇವ. ಹಳೇ ಜಂಬಿಟ್ಟಿಗೆ ಗೋಡೆಯಲ್ಲಿ ಇದು ಸಾಮಾನ್ಯ, ಪೂರ್ತಿ ವಾಸಿ ಮಾಡುವುದು ಕಷ್ಟ. ಗೋಡೆ ಮತ್ತು ತಾರಸಿ ಸೇರುವ ಮೂಲೆಯಲ್ಲಿ ಚಹಾ ಚೆಲ್ಲಿದಂಥ ಕಲೆ ಇದ್ದರೆ ಮೇಲಿನಿಂದ ಸೋರುತ್ತಿದೆ ಅಂತ. ಕಿಟಕಿಯ ಕೆಳಗಿನ ಮೂಲೆಗಳಲ್ಲಿ ಮೀಸೆ ಬಿಟ್ಟಂತೆ ಎರಡು ಕಡೆ ಕಲೆ ಇಳಿದಿದ್ದರೆ ಎರಚಲು ಒಳಗೆ ಬರುತ್ತಿದೆ. ಗೋಡೆಯಲ್ಲಿ ಕೂಡಿಸಿದ ಕಪಾಟುಗಳಿದ್ದರೆ ತೆಗೆದು ಒಳಗೆ ಮೂಗು ಇಡಿ. ಬಣ್ಣ ಬಳಿಯುವವರು ಗೋಡೆಗೆ ಬಳಿಯುತ್ತಾರೆ, ಕಪಾಟಿನ ಒಳಗೆ ಬಳಿಯೋದಿಲ್ಲ. ಬಚ್ಚಲಲ್ಲಿ ನಾಲ್ಕೈದು ಬಕೆಟ್ ನೀರು ಸುರಿದು, ಮನೆ ಪೂರ್ತಿ ನೋಡಿ ಮುಗಿಸಿ ವಾಪಸ್ ಬನ್ನಿ. ಇನ್ನೂ ನೀರು ನಿಂತಿದ್ದರೆ ಇಳಿಜಾರು ಸರಿ ಇಲ್ಲ. ಮಾಲೀಕರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಈಗ ನಿಮ್ಮ ದೊಡ್ಡ ಗಾಜಿನ ಕಿಟಕಿಗಳ ವಿಷಯ. ಇಲ್ಲಿ ಮುಂಗಾರು ಬರೋದು ನೈಋತ್ಯದಿಂದ. ಗಾಳಿ ಜೊತೆ ಓರೆಯಾಗಿ ಬಂದು ಪಶ್ಚಿಮ ಮತ್ತು ದಕ್ಷಿಣದ ಗೋಡೆಗೆ ಬಡಿಯುತ್ತೆ. ಹಳೇ ಕಾಲದವರು ಕಿಟಕಿ ಮೇಲೆ ಎರಡು ಅಡಿ ಸಜ್ಜಾ ಬಿಡದೆ ಮನೆ ಕಟ್ಟುತ್ತಿರಲಿಲ್ಲ. ಈಗಿನವರಿಗೆ ಎಲಿವೇಶನ್ ಮುಖ್ಯ. ಸಜ್ಜಾ ಇದ್ದರೆ ನೋಟ ಕೆಡುತ್ತಂತೆ. ಮೂರನೇ ಮಹಡಿಯಲ್ಲಿ, ಪಶ್ಚಿಮಕ್ಕೆ, ಸಜ್ಜಾ ಇಲ್ಲದ ಗಾಜಿನ ಕಿಟಕಿ ಇದ್ದರೆ ಮಳೆಗಾಲ ಪೂರ್ತಿ ಅದನ್ನು ತೆರೆಯೋ ಹಾಗಿಲ್ಲ, ಮಾರ್ಚ್‌ನಲ್ಲಿ ಮಧ್ಯಾಹ್ನದ ಬಿಸಿಲು ಬೇರೆ. ಜರಗುವ ಅಲ್ಯೂಮಿನಿಯಂ ಕಿಟಕಿಯಾದರೆ ಕೆಳಗಿನ ಹಳಿಯನ್ನು ಬಗ್ಗಿ ನೋಡಿ. ಹೊರಗಿನ ಅಂಚಿನಲ್ಲಿ ಸಣ್ಣ ಸಣ್ಣ ತೂತುಗಳಿರಬೇಕು, ಹಳಿಯಲ್ಲಿ ತುಂಬಿದ ನೀರು ಹೊರಗೆ ಹರಿಯಲಿಕ್ಕೆ. ಎಷ್ಟೋ ಕಡೆ ಅದಕ್ಕೆ ಸಿಮೆಂಟ್ ಮೆತ್ತಿರುತ್ತಾರೆ. ಇಲ್ಲವೇ ತೂತೇ ಕೊರೆದಿರುವುದಿಲ್ಲ. ಆಗ ಹಳಿ ತುಂಬಿದ ನೀರು ನಿಮ್ಮ ಹಾಸಿಗೆ ಕಡೆಗೇ ಚೆಲ್ಲುತ್ತೆ. ಒಂದು ಲೋಟ ನೀರು ಹಳಿಗೆ ಸುರಿದರೆ ಸಾಕು, ಎಲ್ಲಾ ಗೊತ್ತಾಗುತ್ತೆ.

ಮಳೆಯ ಅಳತೆ ಕೇಳಿ ಹೆದರಬೇಡಿ. ಇಲ್ಲಿಂದ ಸುಮಾರು ತೊಂಬತ್ತು ಕಿಲೋಮೀಟರ್ ದೂರದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತೆ, ಶಿವಮೊಗ್ಗ ನಗರದ್ದು ಅದರ ಸಣ್ಣ ಪಾಲು. ನಾವು ಅರೆಮಲೆನಾಡಿನವರು. ಆದರೆ ಇಲ್ಲಿನ ಮಳೆ ನಿಮ್ಮ ಕಡೆಯ ಹಾಗೆ ಅಬ್ಬರಿಸಿ ಹೋಗಿಬಿಡೋದಿಲ್ಲ. ಸೋನೆ ಹಿಡಿದರೆ ನಾಲ್ಕು ದಿನ ಸೂರ್ಯನ ಮುಖ ಕಾಣಿಸೋದಿಲ್ಲ. ತೊಂದರೆ ಕೊಡೋದು ನೀರಿಗಿಂತ ಈ ಬಿಸಿಲಿಲ್ಲದ ದಿನಗಳು. ಮಗಳ ಶಾಲೆ ಯೂನಿಫಾರ್ಮ್ ಎಲ್ಲಿ ಒಣಗುತ್ತೆ? ನಗಬೇಡಿ, ಬಾಡಿಗೆ ಮನೆ ನೋಡಲು ಬಂದವರು ಕೇಳಬೇಕಾದ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು. ಇಲ್ಲಿನ ಬಹಳ ಮನೆಗಳ ಟೆರೇಸಿನ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಶೀಟು ಹಾಕಿರೋದನ್ನ ನೀವು ನೋಡಿರಬೇಕು. ಹೊರಗಿನವರಿಗೆ ಅದು ಅಂದಗೇಡಿಯಾಗಿ ಕಾಣುತ್ತೆ. ನನ್ನ ಕೇಳಿದರೆ ಶೀಟು ಹೊದ್ದ ಮನೆಗೆ ತಿಂಗಳಿಗೆ ಐನೂರು ರೂಪಾಯಿ ಹೆಚ್ಚು ಕೊಡಬಹುದು. ತಾರಸಿ ಸೋರೋದಿಲ್ಲ, ಬೇಸಿಗೆಯಲ್ಲಿ ಮೇಲಿನ ಮನೆ ಕಾಯೋದಿಲ್ಲ, ಬಟ್ಟೆ ಒಣಗುತ್ತೆ. ಜಡಿಮಳೆಯ ರಾತ್ರಿ ಶೀಟಿನ ಸದ್ದಿಗೆ ಮೊದಲ ವಾರ ನಿದ್ದೆ ಬರೋದಿಲ್ಲ, ಅಷ್ಟೇ. ಆದರೆ ಬಾಡಿಗೆಯವರು ಅಲ್ಲಿ ಹಗ್ಗ ಕಟ್ಟಬಹುದಾ ಅಂತ ಮೊದಲೇ ಕೇಳಿ. 'ಟೆರೇಸ್ ನಮಗೆ ಮಾತ್ರ' ಅನ್ನುವ ಮಾಲೀಕರೂ ಇದ್ದಾರೆ.

ಸೋಲಾರ್ ಇದೆ ಅಂದರಲ್ವಾ? ಇಲ್ಲಿ ಅದು ಬೇಸಿಗೆಯ ಬಡಾಯಿ. ಜುಲೈನಲ್ಲಿ ಅದರಿಂದ ಬರೋದು ತಣ್ಣೀರು. ಗೀಸರಿಗೆ ಪಾಯಿಂಟ್ ಇದೆಯಾ, ಅರ್ಥಿಂಗ್ ಸರಿ ಇದೆಯಾ ನೋಡಿ. ತೇವದ ಗೋಡೆ, ಹಳೇ ವೈರಿಂಗ್ ಎರಡೂ ಸೇರಿದರೆ ಸ್ವಿಚ್ ಮುಟ್ಟಿದಾಗ ಜುಮ್ ಅನ್ನುತ್ತೆ. ಮೀಟರ್ ಬೋರ್ಡಿನಲ್ಲಿ ಇಎಲ್‌ಸಿಬಿ ಅಥವಾ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇದ್ದರೆ ಅದರ ಮೇಲೆ ಟೆಸ್ಟ್ ಅಂತ ಒಂದು ಗುಂಡಿ ಇರುತ್ತೆ. ಒತ್ತಿ. ಕರೆಂಟ್ ಟಪ್ ಅಂತ ಕಡಿದುಹೋದರೆ ಒಳ್ಳೆಯದು. ಹೋಗದಿದ್ದರೆ ಅದು ಸುಮ್ನೆ ಅಲಂಕಾರಕ್ಕೆ ಕೂತಿದೆ. ಹಳೇ ಮನೆಯಲ್ಲಿ ಅದು ಇಲ್ಲದೇ ಇದ್ದರೆ, ಹಾಕಿಸಿಕೊಡಿ ಅಂತ ಕೇಳೋದಕ್ಕೆ ಸಂಕೋಚ ಬೇಡ.

ಇನ್ನು ಅಮ್ಮನ ಮಂಡಿ. ಲಿಫ್ಟ್ ಇಲ್ಲದ ಮೂರನೇ ಮಹಡಿ ಅಂದಕೂಡಲೇ ನೀವೇ ಉತ್ತರ ಹೇಳಿಕೊಂಡಿರುತ್ತೀರಿ. ಆದರೂ ಮೆಟ್ಟಿಲ ಬಗ್ಗೆ ಒಂದು ಮಾತು. ಒಂದನೇ ಮಹಡಿಯೇ ಆದರೂ ಮೆಟ್ಟಿಲು ಮನೆಯ ಹೊರಗೆ, ಮೇಲೆ ಚಾವಣಿ ಇಲ್ಲದೆ ಇದೆಯಾ ನೋಡಿ. ಶಿವಮೊಗ್ಗದಲ್ಲಿ ಮೇಲಿನ ಮನೆ ಬಾಡಿಗೆಗೆ ಕೊಡುವವರು ಹೀಗೇ ಹೊರಗಿನಿಂದ ಮೆಟ್ಟಿಲು ಕಟ್ಟಿಸೋದು ಜಾಸ್ತಿ. ಜುಲೈ ಕೊನೆಗೆ ಅದರ ಮೇಲೆ ಹಸಿರು ಪಾಚಿ ಕಟ್ಟುತ್ತೆ. ಕಾಲಿಟ್ಟರೆ ಲೋಳೆ. ಗಟ್ಟಿಮುಟ್ಟಾದವರೇ ಜಾರಿ ಸೊಂಟ ಮುರಿದುಕೊಂಡಿದ್ದಾರೆ. ಈಗ ಒಣಗಿದ ಮೆಟ್ಟಿಲ ಮೇಲೂ ಆ ಪಾಚಿಯ ಕಪ್ಪು ಕಲೆ ಉಳಿದಿರುತ್ತೆ, ಅದರಲ್ಲೂ ಗೋಡೆಗೆ ತಾಗಿದ ಅಂಚಿನಲ್ಲಿ. ಹಿಡಿದುಕೊಳ್ಳಲು ಕಂಬಿ ಇದೆಯಾ, ಗ್ರಾನೈಟ್ ಪಾಲಿಶ್ ಆಗಿ ಹೊಳೆಯುತ್ತಿದೆಯಾ ಅಂತಲೂ ನೋಡಿ. ಹೊಳೆಯುವ ಮೆಟ್ಟಿಲು ಒದ್ದೆಯಾದರೆ ಪಾಚಿಯೇ ಬೇಕಿಲ್ಲ.

ಜಾಗದ ವಿಷಯಕ್ಕೆ ಬರೋಣ. ಊರಿನ ಪಕ್ಕದಲ್ಲೇ ತುಂಗೆ. ಮೇಲೆ ಗಾಜನೂರಿನಲ್ಲಿ ಅಣೆಕಟ್ಟು ಇದೆ. ಅದು ಹಿಡಿಯೋದೇ 3.24 ಟಿಎಂಸಿ. ಪಕ್ಕದ ಭದ್ರಾ ಅಣೆಕಟ್ಟಿನದು 71 ಟಿಎಂಸಿಗೂ ಹೆಚ್ಚು. ಶೃಂಗೇರಿ, ತೀರ್ಥಹಳ್ಳಿ ಕಡೆ ನಾಲ್ಕು ದಿನ ಜೋರಾಗಿ ಹೊಯ್ದರೆ ಗಾಜನೂರು ತುಂಬಿ ಗೇಟು ಎತ್ತಲೇಬೇಕು. ಆ ನೀರು ನೇರ ಊರ ಮುಂದೆ ಹರಿಯುತ್ತೆ. ಕೋರ್ಪಲಯ್ಯನ ಛತ್ರದ ಬಳಿ ಹೊಳೆಯೊಳಗೊಂದು ಮಂಟಪವಿದೆ. ಅದು ಮುಳುಗಿತಾ ಇಲ್ಲವಾ ಅನ್ನೋದೇ ನಮ್ಮೂರಿನವರಿಗೆ ಮಳೆಯ ಅಳತೆಗೋಲು. 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತ್ತು. ಮನೆ ನೋಡಲು ಹೋದ ಬೀದಿಯಲ್ಲಿ ಮಾಲೀಕರನ್ನು ಬಿಟ್ಟು ಬೇರೆ ಯಾರನ್ನಾದರೂ, ಮೂಲೆಯ ಕಿರಾಣಿ ಅಂಗಡಿಯವರನ್ನೋ ಇಸ್ತ್ರಿಯವರನ್ನೋ, ಹೀಗೆ ಕೇಳಿ: 'ಹತ್ತೊಂಬತ್ತರಲ್ಲಿ ಇಲ್ಲಿಗೆ ನೀರು ಬಂದಿತ್ತಾ?' ಬಂದಿದ್ದರೆ ಎಲ್ಲಿವರೆಗೆ ಬಂದಿತ್ತು ಅಂತ ಕೈ ತೋರಿಸಿ ಹೇಳುತ್ತಾರೆ. ಇದಕ್ಕಿಂತ ನಂಬಿಕೆಯ ಸರ್ವೆ ಇಲ್ಲ. ಬೀದಿಯ ಹಳೇ ಹೆಸರಲ್ಲಿ ಗುಂಡಿ, ಕೆರೆ, ಕಟ್ಟೆ ಇದ್ದರೆ ಒಂದು ಪ್ರಶ್ನೆ ಜಾಸ್ತಿ ಕೇಳಿ. ಊರ ಹೊರಗಿನ ಹೊಸ ಬಡಾವಣೆಗಳಲ್ಲಿ ಕೆಲವು ಮೊದಲು ನಾಲೆ ಕೆಳಗಿನ ಗದ್ದೆಗಳಾಗಿದ್ದವು. ಮಣ್ಣು ತುಂಬಿ ಸೈಟು ಮಾಡಿದ್ದಾರೆ. ಅಂಥ ಕಡೆ ನಾಲೆಗೆ ನೀರು ಬಿಟ್ಟಾಗ ಬೇಸಿಗೆಯಲ್ಲೂ ನೆಲಮಹಡಿಯ ಗೋಡೆ ಒಸರಬಹುದು. ಆಸ್ಪತ್ರೆ ದೂರ, ಶಾಲೆ ದೂರ ಇವೆಲ್ಲ ನೀವೇ ಲೆಕ್ಕ ಹಾಕಿಕೊಳ್ಳುತ್ತೀರಿ. ಅಮ್ಮ ಇರುವುದರಿಂದ ಸಾಗರ ರಸ್ತೆಯ ಮೆಗ್ಗಾನ್ ಆಸ್ಪತ್ರೆಗೆ ಆಟೊ ಸುಲಭವಾಗಿ ಸಿಗುವ ಜಾಗವಾದರೆ ಒಳ್ಳೆಯದು.

ಕುಡಿಯುವ ನೀರು ತುಂಗೆಯದೇ. ನಲ್ಲಿ ನೀರು ಎಷ್ಟು ಹೊತ್ತಿಗೆ, ಎಷ್ಟು ದಿನಕ್ಕೊಮ್ಮೆ ಬರುತ್ತೆ, ಸಂಪು ನಿಮ್ಮದೊಂದೇ ಮನೆಗಾ ಅಥವಾ ಎಲ್ಲರಿಗೂ ಸೇರಿಯಾ, ಮೋಟರ್ ಸ್ವಿಚ್ ಯಾರ ಕೈಯಲ್ಲಿದೆ, ಇವನ್ನು ಕೇಳಿ. ಸ್ವಿಚ್ ಮಾಲೀಕರ ಅಡುಗೆಮನೆಯಲ್ಲಿದ್ದರೆ ಅವರು ಊರಿಗೆ ಹೋದಾಗ ನಿಮಗೆ ನೀರಿಲ್ಲ.

ಕರೆಂಟ್ ಇಲ್ಲಿ ಮೆಸ್ಕಾಂದು. ಮನೆಗೆ ಸ್ವಂತ ಮೀಟರ್, ಸ್ವಂತ ಆರ್‌ಆರ್ ನಂಬರ್ (ಬಿಲ್ಲಿನ ಮೇಲಿರುವ ಸಂಪರ್ಕ ಸಂಖ್ಯೆ) ಇದೆಯಾ ನೋಡಲೇಬೇಕು. ಒಂದು ಮನೆಯನ್ನು ಎರಡು ಮಾಡಿ ಒಳಗೆ ಸಬ್‌ಮೀಟರ್ ಹಾಕಿದ್ದರೆ ಗೃಹಜ್ಯೋತಿ ನಿಮಗೆ ಸಿಗೋದಿಲ್ಲ. 200 ಯೂನಿಟ್ ಒಳಗಿನ ಆ ಉಚಿತ ಕರೆಂಟ್ ಬಾಡಿಗೆದಾರರಿಗೂ ಇದೆ, ಆದರೆ ಮೀಟರ್ ಲೆಕ್ಕದಲ್ಲಿ. ಹಿಂದಿನ ಬಾಡಿಗೆದಾರರ ಆಧಾರ್ ಆ ಮೀಟರಿಗೆ ಜೋಡಣೆಯಾಗಿದ್ದರೆ ಬಿಡಿಸಬೇಕು. ನೀವೂ ಕಲಬುರಗಿ ಬಿಡುವ ಮೊದಲು ಜೆಸ್ಕಾಂ ಮೀಟರಿನಿಂದ ನಿಮ್ಮದನ್ನು ಡಿ-ಲಿಂಕ್ ಮಾಡಿಸಿಕೊಂಡೇ ಬನ್ನಿ. ಕೊನೆಯ ಬಿಲ್ಲು ಕೇಳಿ ನೋಡಿ. ಬಾಕಿ ಇದ್ದರೆ ಮೀಟರಿನ ಮೇಲೇ ಉಳಿದಿರುತ್ತೆ, ಫ್ಯೂಸ್ ಕೀಳೋದು ನಿಮ್ಮ ಕಾಲದಲ್ಲಿ.

ಭೋಗ್ಯ ಅನ್ನೋದು ನಮ್ಮ ಕಡೆ ಹಳೇ ಪದ್ಧತಿ. ಇಡಿಗಂಟು ಕೊಡಿ, ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಅಷ್ಟೂ ವಾಪಸ್. ಕೇಳಲಿಕ್ಕೆ ಚೆನ್ನಾಗಿದೆ. ತೊಂದರೆ ಏನಪ್ಪಾ ಅಂದರೆ ಆ 6 ಲಕ್ಷವನ್ನು ಅವರು ಬ್ಯಾಂಕಿನಲ್ಲಿ ಇಟ್ಟಿರೋದಿಲ್ಲ. ಮಗಳ ಮದುವೆಗೋ ಹಳೇ ಸಾಲಕ್ಕೋ ಅದು ಹೋಗಿಬಿಟ್ಟಿರುತ್ತೆ. ಮೂರು ವರ್ಷ ಆದ ಮೇಲೆ ಹೊಸ ಭೋಗ್ಯದಾರ ಸಿಗುವವರೆಗೂ ನಿಮ್ಮ ಹಣ ಬರೋದಿಲ್ಲ. ಮನೆ ಮೇಲೆ ಬ್ಯಾಂಕ್ ಸಾಲ ಇದ್ದು, ಅವರು ಕಂತು ಕಟ್ಟದೆ, ಮನೆ ಹರಾಜಿಗೆ ಬಂದರೆ ಇನ್ನೂ ಕಷ್ಟ. ಛಾಪಾ ಕಾಗದದ ಮೇಲೆ ಬರೆಸಿ ನೋಟರಿ ಸೀಲು ಒತ್ತಿಸಿದರೆ ಆಯ್ತು ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ. ಸ್ವಾಧೀನ ಭೋಗ್ಯ ಅಂದರೆ ಕಾನೂನಿನಲ್ಲಿ ಅದೊಂದು ಅಡಮಾನ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ಅದಕ್ಕೂ ಮೊದಲು ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ, ಮನೆ ಮೇಲೆ ನೋಂದಣಿಯಾದ ಸಾಲ ಇದೆಯಾ ಅಂತ ತೋರಿಸುವ ಋಣಭಾರ ಪತ್ರ ತೆಗೆಸಿ. ಮೂಲ ಪತ್ರ ತೋರಿಸಿ ಅಂತ ಕೇಳಿ. ಜೆರಾಕ್ಸ್ ಮಾತ್ರ ತೋರಿಸಿ 'ಒರಿಜಿನಲ್ ಅಣ್ಣನ ಹತ್ತಿರ ಇದೆ' ಅಂದರೆ ಆ ಅಣ್ಣ ಬಹಳ ಸಲ ಬ್ಯಾಂಕೇ ಆಗಿರುತ್ತಾನೆ.

ಬಾಡಿಗೆ ಕರಾರನ್ನು ಸಾಮಾನ್ಯವಾಗಿ 11 ತಿಂಗಳಿಗೆ ಮಾಡುತ್ತಾರೆ. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು, ಆ ತಾಪತ್ರಯ ತಪ್ಪಿಸಲಿಕ್ಕೆ. ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ದಾಟಬಾರದು ಅಂತ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತೆ. ಅದು ಬರೀ ಮಾದರಿ, ಚೌಕಾಸಿ ಮಾಡುವಾಗ ಬಾಯಿಗೆ ಅನುಕೂಲ. ಬಿಡುವಾಗ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ರೂಢಿ ಇದೆ. ಎಷ್ಟು ಅನ್ನೋದನ್ನ ರೂಪಾಯಿಯಲ್ಲೇ ಬರೆಸಿ. ರಾಜ್ಯದ 1999ರ ಬಾಡಿಗೆ ಕಾಯ್ದೆ ಕಾಪಾಡುತ್ತೆ ಅಂತ ನಂಬಿಕೊಂಡಿರಬೇಡಿ, ತಿಂಗಳ ಬಾಡಿಗೆ 3,500 ದಾಟಿದರೆ ಅದು ಅನ್ವಯಿಸೋದಿಲ್ಲ. ನಿಮ್ಮನ್ನು ಕಾಪಾಡೋದು ಕರಾರಿನ ಮಾತು, ಅದರ ಹಿಂದೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಮಾಲೀಕರು ಮಾಡಿಸಲೇಬೇಕಾದ ರಿಪೇರಿಯನ್ನು, ನೋಟಿಸ್ ಕೊಟ್ಟರೂ ತಕ್ಕ ಸಮಯದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಅಂತ ಅದರ 108ನೇ ಸೆಕ್ಷನ್ನಿನಲ್ಲಿದೆ. 'ಮಾಡಿಸಲೇಬೇಕಾದ' ಅನ್ನೋದು ಮುಖ್ಯ. ಅದಕ್ಕೇ ಸೋರಿಕೆಯ ರಿಪೇರಿ ಮಾಲೀಕರದ್ದು ಅಂತ ಕರಾರಿನಲ್ಲಿ ಒಂದು ಸಾಲು ಇರಬೇಕು.

ಇಲ್ಲೊಂದು ತೊಡಕಿದೆ. ತಾರಸಿಯ ವಾಟರ್‌ಪ್ರೂಫಿಂಗ್ ಒದ್ದೆಯಲ್ಲಿ ಮಾಡಲು ಬರೋದಿಲ್ಲ. ಜುಲೈನಲ್ಲಿ ಸೋರಿದರೆ ಮಾಲೀಕರು 'ಮಳೆ ನಿಲ್ಲಲಿ' ಅನ್ನುತ್ತಾರೆ, ಅದು ಸುಳ್ಳೂ ಅಲ್ಲ. ಮಳೆ ನಿಲ್ಲೋದು ಅಕ್ಟೋಬರ್‌ಗೆ. ಆಗ ಸೋರೋದೂ ನಿಂತಿರುತ್ತೆ, ಎಲ್ಲರೂ ಮರೆತಿರುತ್ತಾರೆ. ಅದಕ್ಕೆ ನಾನು ಬರೆಸುವ ಸಾಲು ಹೀಗಿರುತ್ತೆ: ಮಳೆಗಾಲದಲ್ಲಿ ಸೋರಿದರೆ ಹದಿನೈದು ದಿನದೊಳಗೆ ಶೀಟು ಅಥವಾ ಟಾರ್ಪಾಲು ಹಾಕಿ ತಡೆಯಬೇಕು, ಇಲ್ಲವಾದರೆ ಬಾಡಿಗೆದಾರ ನೋಟಿಸ್ ಅವಧಿ ಇಲ್ಲದೆ, ಪೂರ್ತಿ ಅಡ್ವಾನ್ಸ್ ವಾಪಸ್ ಪಡೆದು ಮನೆ ಬಿಡಬಹುದು. ಇದಕ್ಕೆ ಒಪ್ಪದ ಮಾಲೀಕರಿಗೆ ತಮ್ಮ ಮನೆ ಸೋರುತ್ತೆ ಅಂತ ಗೊತ್ತಿದೆ. ಮನೆಗೆ ಹೋದ ದಿನವೇ ಎಲ್ಲಾ ಗೋಡೆ, ಮೂಲೆ, ಕಪಾಟಿನ ಫೋಟೊ ತೆಗೆದು ಅವರಿಗೆ ವಾಟ್ಸಾಪ್ ಮಾಡಿ. ಬಿಡುವ ದಿನ ಕೆಲಸಕ್ಕೆ ಬರುತ್ತೆ.

ಏಪ್ರಿಲ್, ಮೇನಲ್ಲಿ ಶಾಲೆ, ವರ್ಗಾವಣೆ ಎರಡೂ ಸೇರಿ ಮನೆಗೆ ಪೈಪೋಟಿ. ನಿಜವಾಗಿ ಮನೆ ಹುಡುಕಲು ಒಳ್ಳೇ ಕಾಲ ಆಷಾಢ. ಆಗ ಯಾರೂ ಹಾಲು ಉಕ್ಕಿಸೋದಿಲ್ಲ, ಖಾಲಿ ಮನೆ ಖಾಲಿಯೇ ಇರುತ್ತೆ, ಮಾಲೀಕರ ದನಿ ಮೆತ್ತಗಾಗಿರುತ್ತೆ. ಜೊತೆಗೆ ಮಳೆ ಹೊಯ್ಯುತ್ತಿರುತ್ತೆ, ಮನೆ ತನ್ನ ನಿಜ ತಾನೇ ಹೇಳುತ್ತೆ. ಆದರೆ ನಿಮಗೆ ಜೂನ್ ಮೊದಲ ವಾರ, ಮಗಳ ಶಾಲೆ ಬೇರೆ. ಹಾಗಾಗಿ ಇಷ್ಟು ಮಾಡಿ. ಮೇನಲ್ಲಿ ಇಲ್ಲಿ ಸಂಜೆ ಹೊತ್ತು ಗುಡುಗು ಮಳೆ ಬರುತ್ತಿರುತ್ತೆ. ಪರಿಚಯದವರಿಗೆ ಹೇಳಿಟ್ಟು, ಒಂದು ದೊಡ್ಡ ಮಳೆ ಬಿದ್ದ ಮರುದಿನ ಬೆಳಿಗ್ಗೆ ಅವರನ್ನೇ ಕಳಿಸಿ ವಿಡಿಯೊ ತರಿಸಿಕೊಳ್ಳಿ.

ಮಾಂಸ ಮಾಡ್ತೀರಾ, ಯಾವ ಜನ, ಎಷ್ಟು ಮಂದಿ ನೆಂಟರು ಬರ್ತಾರೆ, ಈ ಪ್ರಶ್ನೆಗಳೂ ಬರುತ್ತವೆ. ನನಗೆ ಇದು ಸರಿ ಕಾಣೋದಿಲ್ಲ. ಆದರೆ ಸುಳ್ಳು ಹೇಳಿ ಮನೆ ಹಿಡಿದು ವರ್ಷಪೂರ್ತಿ ಕಿಟಕಿ ಮುಚ್ಚಿ ಅಡುಗೆ ಮಾಡೋದು ಇನ್ನೂ ಕಷ್ಟ.

ನಿಮ್ಮ ಎರಡು ಮನೆಗಳಲ್ಲಿ ನಾನಾಗಿದ್ದರೆ ದುರ್ಗಿಗುಡಿಯದಕ್ಕೆ ಹೋಗುತ್ತೇನೆ, ಭೋಗ್ಯಕ್ಕಲ್ಲ. 'ಮೊದಲು 11 ತಿಂಗಳು ಬಾಡಿಗೆಗೆ ಕೊಡಿ, ಒಂದು ಮಳೆಗಾಲ ಇದ್ದು ನೋಡಿ ಆಮೇಲೆ ಭೋಗ್ಯದ ಮಾತು' ಅಂತ ಕೇಳಿ. ಒಪ್ಪದಿದ್ದರೆ ಬಿಡಿ, ಮೂರನೇ ಮನೆ ಹುಡುಕಿ. ನೆಲಮಹಡಿ, ಮೂರು ಅಥವಾ ನಾಲ್ಕೇ ಮೆಟ್ಟಿಲು, ರಸ್ತೆಗಿಂತ ಎರಡಡಿ ಎತ್ತರದ ಪಾಯ, ಸಜ್ಜಾ ಇರುವ ಕಿಟಕಿ, ಬಟ್ಟೆ ಹರವಲು ಶೀಟಿನ ಕೆಳಗೆ ಜಾಗ. ಈ ಐದು ಇದ್ದರೆ ಬಣ್ಣ ಹಳೆಯದಾದರೂ ಪರವಾಗಿಲ್ಲ.

ಸಾಮಾನು ಕಟ್ಟುವಾಗ ಇನ್ನೊಂದು. ನಿಮ್ಮ ಕಡೆಯವರು ವರ್ಷಕ್ಕಾಗುವಷ್ಟು ಜೋಳ ಚೀಲದಲ್ಲಿ ತಂದು ಅಟ್ಟದ ಮೇಲೆ ಇಡೋದನ್ನ ನೋಡಿದ್ದೇನೆ. ಇಲ್ಲಿ ಜುಲೈ ಕೊನೆಯ ಪುಷ್ಯ ಮಳೆ ಮುಗಿಯೋದರೊಳಗೆ ಅದಕ್ಕೆ ತೇವ ಏರಿ ನುಸಿ ಬೀಳುತ್ತೆ. ಎರಡು ತಿಂಗಳಿಗಾಗುವಷ್ಟು ಮಾತ್ರ ತನ್ನಿ, ಅದನ್ನೂ ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ.